ಬಿಲ್ಲಿನಲ್ಲಿ ಸೇರದ ಸಮುದ್ರ

ದೊಡ್ಡಆಲಹಳ್ಳಿಯ ಪೋಷಕರೊಬ್ಬರು ಈಚೆಗೆ ಬಣ್ಣದ ಕರಪತ್ರವೊಂದನ್ನು ಹಿಡಿದು ಬಂದಿದ್ದರು. ಕಾರವಾರದ ಕಡೆ ಸಮುದ್ರ ದಂಡೆಯ ಹೋಟೆಲಿನಲ್ಲಿ ಏಳು ರಾತ್ರಿ ವಾಸ. ತಿಂಡಿ, ಊಟ, ಸಂಜೆಯ ಕಾಫಿ, ದೋಣಿ ವಿಹಾರ ಎಲ್ಲ ಸೇರಿ ಒಂದೇ ದರ. ‘ಮೇಷ್ಟ್ರೇ, ಇದು ಜಾಸ್ತಿಯೋ ಕಮ್ಮಿಯೋ ನೋಡಿ’ ಎಂದರು. ದರದ ವಿಷಯ ನನ್ನದಲ್ಲ. ಪಕ್ಕದಲ್ಲಿ ನಿಂತಿದ್ದ ಅವರ ಮಗ, ಒಂಬತ್ತನೇ ತರಗತಿಯ ಹುಡುಗ, ‘ಸಾರ್, ಸಮುದ್ರದಲ್ಲಿ ಈಜೋದೂ ಫ್ರೀ’ ಎಂದ. ಈ ವಾರದ ವಿಷಯ ಅಲ್ಲಿ ಸಿಕ್ಕಿತು.

ಎಲ್ಲ ಸೇರಿ ಒಂದೇ ದರವೆಂಬ ಏರ್ಪಾಡು ಹೊಸದೇನಲ್ಲ. 1950ರಲ್ಲಿ ಬೆಲ್ಜಿಯಂನ ಜೆರಾರ್ ಬ್ಲಿಟ್ಜ್ ಸ್ಪೇನಿನ ಮಯೋರ್ಕಾ ದ್ವೀಪದ ಕಡಲತೀರದಲ್ಲಿ ಡೇರೆ ಹಾಕಿ ಆರಂಭಿಸಿದ ಕ್ಲಬ್ ಮೆಡ್ ಇದಕ್ಕೆ ಹೆಸರಾಯಿತು. ನಮ್ಮಲ್ಲಿ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯದೂ ಊಟ, ವಸತಿ, ಸುತ್ತಾಟ ಸೇರಿದ ದರವೇ. ನಮ್ಮ ಸಂಗಮದ ಕಡೆ ಕಾವೇರಿ ದಡದಲ್ಲಿರುವ ಗಾಳಿಬೋರೆ ಶಿಬಿರ ಅವರದೇ. ಹೆಜ್ಜೆಹೆಜ್ಜೆಗೆ ಜೇಬಿಗೆ ಕೈಹಾಕುವ ಕಷ್ಟವಿಲ್ಲ, ಸಂಸಾರಸ್ಥರಿಗೆ ಅನುಕೂಲ. ತೊಡಕಿರುವುದು ಬೇರೆ ಕಡೆ. ಎಲ್ಲಕ್ಕೂ ಹಣ ಕಟ್ಟಿ ಬಂದವರಿಗೆ ಕಿಟಕಿಯಾಚೆಯ ಸಮುದ್ರವೂ ಹೋಟೆಲಿನವರು ಒದಗಿಸಿದ ಸೌಲಭ್ಯದಂತೆ, ಅವರ ಈಜುಕೊಳದ ದೊಡ್ಡಣ್ಣನಂತೆ ಕಾಣತೊಡಗುತ್ತದೆ.

ಹೋಟೆಲಿನಲ್ಲಿ ಎಂಟಕ್ಕೆ ತಿಂಡಿ, ಒಂದಕ್ಕೆ ಊಟ. ಸಮುದ್ರಕ್ಕೂ ವೇಳಾಪಟ್ಟಿಯಿದೆ, ಆದರೆ ಅದು ದಿನವೂ ಜರುಗುತ್ತದೆ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರ ತನ್ನ ಹಾದಿಯಲ್ಲಿ ಕೊಂಚ ಮುಂದೆ ಹೋಗಿರುತ್ತಾನೆ. ಅವನೆದುರು ಮತ್ತೆ ಬರಲು ನಮಗೆ ಇನ್ನೂ ಸುಮಾರು 50 ನಿಮಿಷ ಬೇಕು. ಇಂದು ಬೆಳಿಗ್ಗೆ ಎಂಟಕ್ಕೆ ಉಬ್ಬರವಾದರೆ ನಾಳೆ ಎಂಟು ಐವತ್ತರ ಸುಮಾರಿಗೆ. ಏಳು ದಿನಕ್ಕೆ 350 ನಿಮಿಷ, ಹೆಚ್ಚೂಕಡಿಮೆ ಆರು ಗಂಟೆ. ಉಬ್ಬರಕ್ಕೂ ಮುಂದಿನ ಇಳಿತಕ್ಕೂ ನಡುವಿನ ಅಂತರವೂ ಸುಮಾರು ಅಷ್ಟೇ. ಅಂದರೆ ಬಂದ ದಿನ ತಿಂಡಿಯ ಹೊತ್ತಿಗೆ ಹತ್ತಿರವಿದ್ದ ನೀರು ಹೊರಡುವ ದಿನ ಅದೇ ಹೊತ್ತಿಗೆ ದೂರ ಸರಿದಿರುತ್ತದೆ. ‘ನಿನ್ನೆ ಇಲ್ಲಿ ಮೊಣಕಾಲುದ್ದ ಇತ್ತು’ ಎಂಬ ಲೆಕ್ಕ ಇಲ್ಲಿ ನಡೆಯದು.

ಹೊರಡುವ ಮುನ್ನ ಗೋಡೆಯ ಕ್ಯಾಲೆಂಡರನ್ನೂ ನೋಡಿ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರು ಒಂದೇ ಸಾಲಿನಲ್ಲಿ ಎಳೆಯುವುದರಿಂದ ಉಬ್ಬರವೂ ಹೆಚ್ಚು, ಇಳಿತವೂ ಹೆಚ್ಚು. ಕಾರವಾರದಲ್ಲಿ ಆಗ ನೀರಿನ ಏರಿಳಿತ ಸುಮಾರು ಒಂದೂವರೆ ಮೀಟರ್. ಅಷ್ಟಮಿಯ ಸುತ್ತಮುತ್ತ ಹೆಚ್ಚುಕಡಿಮೆ ಅದರರ್ಧ. ಒಂದೂವರೆ ಮೀಟರ್ ಏನು ಮಹಾ ಎನ್ನಬೇಡಿ. ಮರಳ ದಂಡೆ 30 ಮೀಟರಿಗೆ ಒಂದು ಮೀಟರಿನಂತೆ ಇಳಿಜಾರಾಗಿದ್ದರೆ ನೀರು 45 ಮೀಟರ್ ಮೇಲೆ ಬರುತ್ತದೆ. ದಡದಲ್ಲಿ ಬಿಟ್ಟ ಚಪ್ಪಲಿ ಕಾಣೆಯಾಗುವುದು ಹೀಗೆ.

ಚಪ್ಪಲಿ ಹೋದರೆ ಹೋಗಲಿ. ನಮ್ಮ ಕಡೆಯ ಮಕ್ಕಳು ನೀರು ಕಾಣದವರಲ್ಲ. ಬಾವಿಯಲ್ಲಿ ಈಜು ಕಲಿತವರಿದ್ದಾರೆ. ಮೇಕೆದಾಟಿನ ಬಂಡೆಗಳ ಸಂದಿಯಲ್ಲಿ ಕಾವೇರಿ ನುಗ್ಗುವುದನ್ನು ಕಂಡವರಿದ್ದಾರೆ. ಆದರೆ ನದಿ ಯಾವ ಕಡೆಗೆ ಎಳೆಯುತ್ತದೆಂಬುದು ಕಣ್ಣಿಗೆ ಕಾಣುತ್ತದೆ. ಸಮುದ್ರ ಒಂದೆಡೆ ದಡಕ್ಕೆ ನೂಕುತ್ತಲೇ ಪಕ್ಕದಲ್ಲಿ ಒಳಕ್ಕೆ ಎಳೆಯುತ್ತಿರುತ್ತದೆ. ಅಲೆಗಳು ತಂದು ಸುರಿದ ನೀರು ಹಿಂದಿರುಗಲೇಬೇಕಲ್ಲ? ನೀರಿನಡಿಯ ಮರಳ ದಿಬ್ಬಗಳ ನಡುವೆ ತಗ್ಗು ಸಿಕ್ಕಿದಲ್ಲಿ ಅದು ಕಿರಿದಾದ ಕಾಲುವೆಯಂತೆ ಹರಿದುಹೋಗುತ್ತದೆ. ಇದೇ ಸೆಳವು, ರಿಪ್ ಕರೆಂಟ್. ಅದರ ವೇಗ ಸೆಕೆಂಡಿಗೆ ಎರಡು ಮೀಟರ್ ಮುಟ್ಟುವುದುಂಟು; ಒಲಿಂಪಿಕ್ ಈಜುಗಾರನೂ ಅದರೆದುರು ನಿಂತಲ್ಲೇ ನಿಲ್ಲಬೇಕು. ಅಲ್ಲಿ ಆಳ ಹೆಚ್ಚಾದ್ದರಿಂದ ಅಲೆ ಒಡೆಯುವುದು ಕಡಿಮೆ, ನೊರೆಯೂ ಕಡಿಮೆ. ದಡದಲ್ಲಿ ನಿಂತ ತಂದೆ ತಾಯಿಗೆ ಅದೇ ಶಾಂತವಾದ ಜಾಗ! ಇಳಿತದ ಹೊತ್ತಿನಲ್ಲಿ ಈ ಎಳೆತ ಹಲವು ಕಡೆ ಇನ್ನೂ ಬಿರುಸು.

ಸಿಕ್ಕಿಕೊಂಡವರು ನೇರವಾಗಿ ದಡದತ್ತ ಗುದ್ದಾಡಬಾರದು. ತೇಲುತ್ತ ಉಸಿರು ಉಳಿಸಿಕೊಂಡು, ಕೈಯೆತ್ತಿ ಕೂಗಿ, ದಡಕ್ಕೆ ಸಮಾನಾಂತರವಾಗಿ ಈಜಿ ಎಳೆತದಿಂದ ಹೊರಬಂದು, ಆಮೇಲೆ ದಡದತ್ತ ತಿರುಗಬೇಕು. ನೋಡುತ್ತಿರುವವರು ಹಿಂದೆಯೇ ಧುಮುಕಬಾರದು. ಹಗ್ಗವನ್ನೋ ತೇಲುವ ಡಬ್ಬವನ್ನೋ ಎಸೆದು ಜೀವರಕ್ಷಕರನ್ನು ಕರೆಯಬೇಕು. ಈಜು ಬಾರದ ಮಕ್ಕಳನ್ನು ಕೈಗೆಟುಕುವಷ್ಟು ಹತ್ತಿರವೇ ಇಟ್ಟುಕೊಳ್ಳಿ.

2024ರ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಮುಳಬಾಗಿಲು ತಾಲ್ಲೂಕಿನ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದ ಪಾಲಾದರು. ಮುಳಬಾಗಿಲೂ ನಮ್ಮಂತೆ ಕಡಲಿಗೆ ದೂರದ ಸೀಮೆ. ಅದು ಮಳೆಗಾಲವೂ ಅಲ್ಲ.

ಹಾಗಾಗಿ ಹೋಟೆಲಿನವರಿಗೆ ಫೋನ್ ಮಾಡಿದಾಗ ಊಟದ ಪಟ್ಟಿಯ ಜೊತೆಗೆ ಇದನ್ನೂ ಕೇಳಿ: ಜೀವರಕ್ಷಕರು ಎಷ್ಟರಿಂದ ಎಷ್ಟರವರೆಗೆ ಇರುತ್ತಾರೆ? ಆ ವಾರದ ಉಬ್ಬರ ಇಳಿತಗಳ ವೇಳೆ ಏನು? ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಎತ್ತರದ ಅಲೆಗಳ ಮುನ್ನೆಚ್ಚರಿಕೆ ಕೊಡುತ್ತದೆ, ಅದು ಅವರಿಗೆ ತಲುಪುತ್ತದೆಯೇ? ಜೂನ್, ಜುಲೈಯಲ್ಲಿ ಕೋಣೆಯ ದರ ಇಳಿದಿದೆಯೆಂದು ಹಿಗ್ಗುವ ಮೊದಲು, ಆ ಎರಡು ತಿಂಗಳು ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳೇ ಮೀನಿಗೆ ಹೋಗುವಂತಿಲ್ಲವೆಂಬುದು ನೆನಪಿರಲಿ. ಮೀನಿನ ಸಂತಾನಕ್ಕಾಗಿ ಮಾಡಿದ ನಿಷೇಧವಾದರೂ ಆಗಿನ ಕಡಲು ಎಂಥದೆಂದು ಅಲ್ಲಿನವರನ್ನು ಕೇಳಿದರೆ ಗೊತ್ತಾಗುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಕೆಲಸ. ದಿನವೂ ಬೆಳಿಗ್ಗೆ ಎಂಟಕ್ಕೆ, ದೊಡ್ಡವರನ್ನು ಜೊತೆಗಿಟ್ಟುಕೊಂಡು, ಅಲೆ ಮುಟ್ಟಿದ ಮೇಲಿನ ಗೆರೆ ದಂಡೆಯ ಒಂದು ತೆಂಗಿನ ಮರದಿಂದ ಎಷ್ಟು ಹೆಜ್ಜೆ ದೂರವೆಂದು ಅಳೆಯಿರಿ. ಪಕ್ಕದಲ್ಲಿ ಅಂದಿನ ತಿಥಿ ಬರೆಯಿರಿ. ಏಳು ದಿನದ ಅಂಕಿಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿ, ರಜೆ ಮುಗಿದ ಮೇಲೆ ತರಗತಿಗೆ ತನ್ನಿ.