ಹಿಡಿದ ಮೊಲಕ್ಕೆ ಎಷ್ಟು ಕಾಲು?



ಹೋದ ಭಾನುವಾರ ಕತ್ರಿಗುಪ್ಪೆ ವಾಟರ್ ಟ್ಯಾಂಕ್ ಹತ್ತಿರದ ಒಂದು ರೂಮಿನಲ್ಲಿ ಐದಾರು ಹುಡುಗರು ಕೂತಿದ್ದರು. ನಾನೂ ಇದ್ದೆ. ತುರಹಳ್ಳಿ ಕಾಡಿನ ಕಡೆಯಿಂದ ಒಬ್ಬ ಗೋಣಿಚೀಲದಲ್ಲಿ ಮೊಲ ತಂದುಕೊಡ್ತಾನಂತೆ, ತಗೊಳ್ಳೋಣವಾ ಅಂತ ಒಬ್ಬ ಕೇಳಿದ. ಇನ್ನೊಬ್ಬ ಮೂಗು ಮುರಿದು, "ಥೂ, ಅದೆಲ್ಲಾ ತಿಂತೀರಾ?" ಅಂದ. ಕೇಳಿದವನು ತಲೆ ತಗ್ಗಿಸಿ ಕೂತ.

ಮೊದಲು ಈ ನಾಚಿಕೆಯ ಲೆಕ್ಕ ತೀರಿಸೋಣ. ಮೊಲ ತಿಂದವರು ನಾವೊಬ್ಬರೇ ಅಲ್ಲ. ಉಳ್ಳ ಜಾತಿಯವರ ಮನೆಯ ಅಟ್ಟದ ಮೇಲೂ ಮೊಲದ ಬಲೆ ಇರುತ್ತಿತ್ತು. ಯುಗಾದಿ ಹೊತ್ತಿಗೆ ಊರಿಗೆ ಊರೇ ಬೇಟೆಗೆ ಹೊರಡುವ ಪದ್ಧತಿ ಎಷ್ಟೋ ಕಡೆ ಇತ್ತು. ಅವರು ತಿಂದರೆ ಹಬ್ಬ, ನಾವು ತಿಂದರೆ ಕೀಳು! ಈ ತಕ್ಕಡಿ ಯಾರದು ಅಂತ ನಿಮಗೆ ಹೇಳಬೇಕಿಲ್ಲ.

ಆದರೂ ಆ ಚೀಲದ ಮೊಲ ಬೇಡ ಅಂತಲೇ ನಾನು ಹೇಳಿದೆ.

ಕನ್ನಡದಲ್ಲಿ ಎರಡಕ್ಕೂ ಮೊಲ ಅಂತಲೇ ಹೆಸರು, ತೊಂದರೆ ಶುರುವಾಗೋದೇ ಅಲ್ಲಿ. ನಮ್ಮ ರಾಗಿ ಹೊಲದಲ್ಲಿ ಓಡುವ ಕಾಡುಮೊಲ ಬಿಲ ತೋಡುವುದಿಲ್ಲ, ಹುಲ್ಲಿನ ಮರೆಯಲ್ಲಿ ಮರಿ ಹಾಕುತ್ತದೆ. ಮರಿ ಹುಟ್ಟುವಾಗಲೇ ಕಣ್ಣು ಬಿಟ್ಟಿರುತ್ತದೆ, ಮೈಮೇಲೆ ತುಪ್ಪಳ ಇರುತ್ತದೆ. ಗೂಡಿನಲ್ಲಿ ಸಾಕುವ ಮೊಲದ ಮೂಲ ಯುರೋಪು, ಅದರ ಮರಿ ಕಣ್ಣು ಮುಚ್ಚಿಕೊಂಡು ಬರಿಮೈಯಲ್ಲಿ ಹುಟ್ಟುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಯುವುದು ಕಾಡುಮೊಲವನ್ನು. 2022ರ ತಿದ್ದುಪಡಿಯಾದ ಮೇಲೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಚೀಲದವನನ್ನು ಕೇಳಿ ನೋಡಿ, ಸಾಕಿದ್ದೇ ಸ್ವಾಮಿ ಅಂತಾನೆ. ಅವನು ಹಿಡಿದ ಮೊಲಕ್ಕೆ ಮೂರೇ ಕಾಲು! ರೇಂಜರು ಬಂದಾಗ ಅವನು ಓಡಿಹೋಗುತ್ತಾನೆ, ಪಾತ್ರೆ ಮುಂದೆ ಕೂತವನು ಸಿಕ್ಕಿಬೀಳುತ್ತಾನೆ. 2025ರ ಯುಗಾದಿಯಲ್ಲಿ ರಾಯಚೂರು ಜಿಲ್ಲೆಯ ತುರ್ವಿಹಾಳದಲ್ಲಿ ಬೇಟೆಯಾಡಿದ ಪ್ರಾಣಿಗಳನ್ನು ಮೆರವಣಿಗೆ ಮಾಡಿದ ವಿಡಿಯೋ ಹೊರಬಂದು ರಾಜ್ಯವೆಲ್ಲ ಸುದ್ದಿಯಾಯಿತು. ದೊಡ್ಡವರಿಗೆ ವಕೀಲರಿರುತ್ತಾರೆ. ಕಾನ್ಸ್‌ಟೇಬಲ್ ಪರೀಕ್ಷೆಗೆ ಓದುತ್ತಿರುವ ಹುಡುಗನ ಹೆಸರು ಎಫ್‌ಐಆರ್‌ಗೆ ಹೋದರೆ ಅವನಿಗೆ ಯಾರಿದ್ದಾರೆ?

ಇನ್ನು ಹೊಟ್ಟೆಯ ಮಾತು. ನಮ್ಮವ್ವನ ಕಾಲಕ್ಕೆ ಮೊಲ ಮನೆಗೆ ಬರುತ್ತಿತ್ತು. ಕೈಯಲ್ಲಿ ಗಾಯ ಇದ್ದವರನ್ನು ಅವಳು ಹತ್ತಿರ ಬಿಡುತ್ತಿರಲಿಲ್ಲ. ಸತ್ತುಬಿದ್ದದ್ದು, ಓಡಲಾರದೆ ತೂಕಡಿಸುತ್ತಾ ಕೂತದ್ದು ಹೊಸಲು ದಾಟುವಂತಿರಲಿಲ್ಲ. ತುಪ್ಪಳವನ್ನು ಬೆಂಕಿಯಲ್ಲಿ ಸೀಯಿಸಿ, ಅರಿಶಿನ ಹಚ್ಚಿ ತೊಳೆದು, ಕರುಳು ಒಡೆಯದಂತೆ ತೆಗೆಯುತ್ತಿದ್ದಳು. ಈಲಿ, ಅದೇ ಲಿವರು, ಅದರ ಮೇಲೆ ಬಿಳಿ ಚುಕ್ಕೆ ಕಂಡರೆ ಇಡೀ ಮೊಲ ಗುಂಡಿಗೆ. ಓದದ ಹೆಂಗಸು. ಆದರೆ ಉತ್ತರ ಅಮೆರಿಕ, ಯುರೋಪುಗಳಲ್ಲಿ ಮೊಲ ಸುಲಿಯುವವರಿಗೆ ಟುಲರೀಮಿಯಾ ಅನ್ನುವ ಜ್ವರ ಹತ್ತುತ್ತದೆ, ಕೈಯ ಗಾಯದಿಂದ ಒಳಗಿಳಿಯುತ್ತದೆ. ಫ್ರಿಜ್ಜಿನಲ್ಲಿ ಗಡ್ಡೆ ಕಟ್ಟಿಸಿಟ್ಟರೂ ಅದರ ರೋಗಾಣು ಸಾಯುವುದಿಲ್ಲ. ಕೈಗವಸು ಹಾಕಿ, ಮಾಂಸದ ಒಳಗೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಬೇಯಿಸಿ ಅಂತ ಅಲ್ಲಿನವರು ಹೇಳುತ್ತಾರೆ. ಮೂಳೆಯಿಂದ ಮಾಂಸ ಬಿಡೋವರೆಗೆ ಬೇಯಲಿ ಅಂತ ಅವ್ವ ಹೇಳುತ್ತಿದ್ದಳು. ಬೆಂಕಿಗೆ ಹಿಡಿದರೆ ತುಪ್ಪಳದ ಉಣ್ಣೆಯೂ ಸಾಯುತ್ತದೆ. ಉಣ್ಣೆ ಸಣ್ಣದು ಅನ್ನಬೇಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ಮನುಷ್ಯನಿಗೆ ಹತ್ತಿದ್ದು ಉಣ್ಣೆ ಕಡಿತದಿಂದಲೇ.

ಚೀಲದ ಮೊಲ ಹೇಗೆ ಸತ್ತಿತು ಅಂತ ಯಾರು ನೋಡಿದ್ದಾರೆ? ಉರುಳಿಗೆ ಬಿತ್ತೋ, ಕಾರಿಗೆ ಸಿಕ್ಕಿತೋ, ತೋಟಕ್ಕೆ ಹೊಡೆದ ಔಷಧಿ ತಿಂತೋ? ವಿಷ ಎಷ್ಟು ಕುದಿಸಿದರೂ ಹೋಗುವಂಥದ್ದಲ್ಲ.

ತಿನ್ನಲೇಬೇಕು ಅನಿಸಿದರೆ ಸಾಕುಮೊಲ ಇದೆ. ಕಣ್ಣೆದುರು ಓಡಾಡುವುದನ್ನು ನೋಡಿ ತನ್ನಿ. ಅವ್ವನ ಕಟ್ಟಳೆಯೆಲ್ಲಾ ಅದಕ್ಕೂ ಅನ್ವಯಿಸುತ್ತದೆ. ಸುಲಿದ ಚಾಕು, ಹಲಗೆಯನ್ನು ಸೋಪು ಹಾಕಿ ತೊಳೆಯದೆ ಈರುಳ್ಳಿ ಹೆಚ್ಚಬೇಡಿ. ಮಾಂಸದಲ್ಲಿ ಕೊಬ್ಬು ಕಡಿಮೆ, ಉರಿ ಜೋರಾದರೆ ನಾರಾಗುತ್ತದೆ. ಎಣ್ಣೆ ಸ್ವಲ್ಪ ಮುಂದಾಗಿ ಹಾಕಿ, ಸಣ್ಣ ಉರಿಯಲ್ಲಿ ಬೇಯಿಸಿ, ಮೆಣಸು ಕಾಯಿ ಅರೆದು ಹಾಕಿ. ಉತ್ತರ ಅಮೆರಿಕದ ಹಿಮದ ಕಾಡುಗಳಲ್ಲಿ ಬರೀ ಮೊಲ ತಿಂದುಕೊಂಡಿದ್ದವರು ಕೊಬ್ಬಿಲ್ಲದೆ ನಿತ್ರಾಣರಾದದ್ದುಂಟು. ನಮಗೆ ಮುದ್ದೆ ಇತ್ತು, ಆ ಪಾಡು ಬರಲಿಲ್ಲ.

ಮುಂದಿನ ಭಾನುವಾರ ಅದೇ ರೂಮಿನಲ್ಲಿ ದುಡ್ಡು ಹಾಕಿಕೊಂಡು ಸಾಕುಮೊಲ ತರೋದು ಅಂತ ಮಾತಾಗಿದೆ. ಕೇಳಿದ ಹುಡುಗನೇ ಒಲೆ ಮುಂದೆ ನಿಲ್ಲುತ್ತಾನಂತೆ. ಮೂಗು ಮುರಿದವನಿಗೂ ಒಂದು ತಟ್ಟೆ ಇಡುತ್ತೇವೆ, ಬರೋದು ಬಿಡೋದು ಅವನಿಗೆ ಬಿಟ್ಟದ್ದು.