ಮಾಜಿ ಮಂತ್ರಿಗಳ ಅಂಕಣವೂ ನಮ್ಮೂರ ಉತಾರವೂ

ಪ್ರಜಾಪ್ರಭುತ್ವದಲ್ಲಿ ರಾಜಕಾರಣಿಯು ಮಾತನಾಡುವದು ಸಹಜ; ಬರೆಯುವದು ವಿರಳ. ಮಾತು ಸಭೆ ಮುಗಿದೊಡನೆ ಗಾಳಿಗೆ ಹೋಗುವದು. ಬರೆದದ್ದಾದರೋ ತಾರೀಖಿನ ಸಮೇತ ಉಳಿಯುವದು. ಹತ್ತು ವರ್ಷಗಳ ಮೇಲೆ ಒಬ್ಬ ವಿದ್ಯಾರ್ಥಿಯು ಅದನ್ನು ವಾಚನಾಲಯದಿಂದ ತೆಗೆದು, “ಮಹನೀಯರೇ, ಅಂದು ತಾವು ಹೀಗೆ ಬರೆದಿದ್ದಿರಲ್ಲ!” ಎಂದು ಕೇಳಬಹುದು. ಆದುದರಿಂದ ದೇಶದ ಆರ್ಥಿಕ ವಿಷಯಗಳನ್ನು ಕುರಿತು ವೃತ್ತಪತ್ರಿಕೆಯಲ್ಲಿ ತಮ್ಮ ಹೆಸರು ಹಾಕಿ ಬರೆಯುವ ರಾಜಕಾರಣಿಗಳ ಬಗ್ಗೆ ನನಗೆ ಗೌರವವಿದೆ. ಆದರೆ ಅವರನ್ನು ನಾವು ಓದಬೇಕಾದ ಬಗೆ ಯಾವದು?

ಈ ಪದ್ಧತಿ ನಮಗೆ ಹೊಸದಲ್ಲ. 1921ರಲ್ಲಿ ಧಾರವಾಡದಿಂದ ‘ಕರ್ಮವೀರ’ವನ್ನು ಹೊರಡಿಸಿದ ರಂಗನಾಥ ದಿವಾಕರರು ಮುಂದೆ ಕೇಂದ್ರ ಮಂತ್ರಿಗಳೂ ಬಿಹಾರದ ರಾಜ್ಯಪಾಲರೂ ಆದರು. ರಾಜಾಜಿಯವರು ದೊಡ್ಡ ಪದವಿಗಳನ್ನೆಲ್ಲ ಕಂಡ ಮೇಲೆ ‘ಸ್ವರಾಜ್ಯ’ ವಾರಪತ್ರಿಕೆಯಲ್ಲಿ ಬರೆಯುತ್ತ, 1959ರ ನಾಗಪುರ ಕಾಂಗ್ರೆಸ್ಸಿನ ಸಹಕಾರಿ ಸಾಗುವಳಿಯ ನಿರ್ಣಯವನ್ನು ಬಲವಾಗಿ ವಿರೋಧಿಸಿದರು. ನಮ್ಮ ಕಾಲದಲ್ಲಿ ಶ್ರೀ ಪಿ. ಚಿದಂಬರಂ ಅವರು 2002ರಿಂದ 2004ರ ವರೆಗೆ ಒಮ್ಮೆ, 2014ರಲ್ಲಿ ಅಧಿಕಾರ ಹೋದ ಮೇಲೆ ಮತ್ತೊಮ್ಮೆ, ‘ಇಂಡಿಯನ್ ಎಕ್ಸ್‌ಪ್ರೆಸ್’ ಪತ್ರಿಕೆಗೆ ಅಂಕಣ ಬರೆದರು. ಎರಡೂ ಸಲ ಅವರು ಅಧಿಕಾರದ ಹೊರಗಿದ್ದರೆಂಬದನ್ನು ವಾಚಕರು ಗಮನಿಸಬೇಕು.

2016ರ ನೋಟು ರದ್ದತಿಯನ್ನು ಅವರು ಟೀಕಿಸಿದರು. ಬೊಕ್ಕಸದ ಬೀಗದ ಕೈ ಹಿಡಿದಿದ್ದವರ ಟೀಕೆಯಾದುದರಿಂದ ಅದಕ್ಕೆ ತೂಕವಿತ್ತು. ಆದರೆ ಅರ್ಥಮಂತ್ರಿಯಾಗಿದ್ದವರ ಅಂಕಣವನ್ನು ಅವರ ಮುಂಗಡಪತ್ರದ ಜೊತೆಗೇ ಇಟ್ಟು ಓದಬೇಕೆಂಬದು ನನ್ನ ವಾದ.

2008ರ ಫೆಬ್ರುವರಿ 29ರಂದು ಅವರೇ ಮಂಡಿಸಿದ ಮುಂಗಡಪತ್ರದಲ್ಲಿ ರೈತರ ಸಾಲಮನ್ನಾ ಘೋಷಣೆಯಾಯಿತು. ಅಂದಾಜು 60,000 ಕೋಟಿ ರೂಪಾಯಿಗಳ ಯೋಜನೆ. ಎರಡು ಹೆಕ್ಟೇರು, ಅಂದರೆ ಸುಮಾರು ಐದು ಎಕರೆಯವರೆಗೆ ಭೂಮಿಯುಳ್ಳವನಿಗೆ ಬಾಕಿ ಸಾಲವೆಲ್ಲ ಮನ್ನಾ. ಅದಕ್ಕೆ ಮೇಲ್ಪಟ್ಟವನು ನೂರಕ್ಕೆ 75 ತುಂಬಿದರೆ ಉಳಿದ 25 ಮಾಫಿ. ಉದ್ದೇಶ ಒಳ್ಳೆಯದೇ. ಆದರೆ ಅಳತೆಗೋಲು?

ನಮ್ಮ ಡೋಣಿಯು ಕಪ್ಪತಗುಡ್ಡದ ಸೆರಗಿನಲ್ಲಿರುವ ಊರು. ಇಲ್ಲಿ ಮಳೆಯನ್ನೇ ನಂಬಿ ಏಳೆಂಟು ಎಕರೆ ಉಳುವವನು ದೊಡ್ಡ ಹಿಡುವಳಿದಾರನೇ? ಮಳೆ ಕೈಕೊಟ್ಟ ವರ್ಷ ಅವನಿಗೆ ಹಾಕಿದ ಬೀಜವೂ ಮರಳಿ ಬರುವದಿಲ್ಲ. ಕಾಲುವೆಯ ಕೆಳಗೆ ನಾಲ್ಕು ಎಕರೆ ಗದ್ದೆ ಇರುವವನಾದರೋ ನಿಶ್ಚಿಂತೆಯಿಂದ ಬೆಳೆ ತೆಗೆಯಬಲ್ಲನು. ಯೋಜನೆಯ ಲೆಕ್ಕದಲ್ಲಿ ಮೊದಲನೆಯವನು ಸ್ಥಿತಿವಂತ, ಎರಡನೆಯವನು ಬಡವ! ಬರಪೀಡಿತ ಜಿಲ್ಲೆಗಳಿಗೆಂದು ಆ ಮೇಲೆ ಒಂದಿಷ್ಟು ಸಡಿಲಿಕೆಯಾಯಿತು. ಐದು ಎಕರೆಯ ಗೆರೆ ಮಾತ್ರ ಹಾಗೆಯೇ ಉಳಿಯಿತು. ಸಾಹುಕಾರರ ಕಡೆ ತೆಗೆದ ಸಾಲವಂತೂ ಲೆಕ್ಕಕ್ಕೇ ಬರಲಿಲ್ಲ. ಅನರ್ಹರಿಗೆ ಲಾಭ ಸಿಕ್ಕು, ಅರ್ಹರಾದ ಕೆಲವರು ಹೊರಗುಳಿದುದನ್ನು ಮಹಾಲೇಖಪಾಲರ 2013ರ ವರದಿಯೂ ಎತ್ತಿ ತೋರಿಸಿತು.

ದಿಲ್ಲಿಯಲ್ಲಿ ಕುಳಿತವರು ಪ್ರತಿಯೊಂದು ಹೊಲಕ್ಕೂ ಬಂದು ನೋಡಲಾಗುವದೇ ಎಂದು ಕೆಲವರು ಕೇಳಬಹುದು. ಬರಬೇಕಾಗಿರಲಿಲ್ಲ. ಹೊಲಕ್ಕೆ ನೀರಿದೆಯೋ ಇಲ್ಲವೋ ಎಂಬದು ನಮ್ಮ ಉತಾರದಲ್ಲಿಯೇ ದಾಖಲಾಗುವದು. ನಮ್ಮ ರಾಜ್ಯದ ಭೂಸುಧಾರಣಾ ಕಾಯದೆಯು 1974ರ ತಿದ್ದುಪಡಿಯಲ್ಲಿ ಒಂದು ಕುಟುಂಬಕ್ಕೆ ಹತ್ತು ಯುನಿಟ್ಟುಗಳ ಮಿತಿ ಹಾಕಿದಾಗ, ಉತ್ತಮ ನೀರಾವರಿಯ 10 ಎಕರೆಯನ್ನೂ ಮಳೆಯಾಶ್ರಿತ 54 ಎಕರೆಯನ್ನೂ ಸಮವೆಂದು ಎಣಿಸಿತ್ತು. ಬೆಂಗಳೂರಿಗೆ 1974ರಲ್ಲಿ ತಿಳಿದಿದ್ದ ವ್ಯತ್ಯಾಸ ದಿಲ್ಲಿಗೆ 2008ರಲ್ಲಿ ತಿಳಿಯದೆ ಹೋದುದೇಕೆ?

ಇದು ಒಬ್ಬ ವ್ಯಕ್ತಿಯ ಅಥವಾ ಒಂದು ಪಕ್ಷದ ನಿಂದೆಯಲ್ಲ. ಯಾವ ಪಕ್ಷದವರೇ ಬರೆಯಲಿ, ಅಂಕಣದ ಅಂಕಿಗಳು ಇಡೀ ದೇಶದ ಸರಾಸರಿಯ ಅಂಕಿಗಳು. ಕಪ್ಪತಗುಡ್ಡದ ಅಡಿಯ ಹೊಲ ಆ ಸರಾಸರಿಯಲ್ಲಿ ಕಾಣುವದಿಲ್ಲ. ಅದನ್ನು ಕಾಣಿಸುವ ಕೆಲಸ ಇಲ್ಲಿ ಹುಟ್ಟಿ, ಇಲ್ಲಿಯ ಅರ್ಥಶಾಸ್ತ್ರದ ತರಗತಿಯಲ್ಲಿ ಕುಳಿತಿರುವ ನಮ್ಮದು.

ನಮ್ಮ ಹಿರಿಯರು ಇಂಥ ಕೆಲಸಕ್ಕೆ ಹಿಂಜರಿದವರಲ್ಲ. ಇದೇ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ರೈತನ ಸಾಲದ ಪ್ರಶ್ನೆಗೆ ಒಂದು ಹಳ್ಳಿಯೇ ಅಂದು ಉತ್ತರ ಬರೆಯಿತು.

ವಿದ್ಯಾರ್ಥಿ ಬಂಧುಗಳೇ, ಅಂಕಣವನ್ನು ಅವಶ್ಯವಾಗಿ ಓದಿರಿ. ಓದುವಾಗ ತಂದೆಯವರ ಉತಾರವನ್ನು ಪಕ್ಕದಲ್ಲಿಟ್ಟುಕೊಳ್ಳಿರಿ. ಲೆಕ್ಕ ತಾಳೆಯಾಗದಿದ್ದರೆ ಸಂಪಾದಕರಿಗೆ ಒಂದು ಪತ್ರ ಬರೆಯಿರಿ, ಕನ್ನಡದಲ್ಲಿಯೇ ಬರೆಯಿರಿ. ನಮ್ಮ ಶಾಸಕರೂ ಸಂಸದರೂ ಭಾಷಣದ ಜೊತೆಗೆ ಬರವಣಿಗೆಯನ್ನೂ ಕೈಗೊಳ್ಳಲೆಂದು ಒತ್ತಾಯಿಸಿರಿ. ಅವರು ಬರೆಯಲಿ, ನಾವು ಪ್ರಶ್ನಿಸೋಣ. ಮುಂದಿನ ಯೋಜನೆಯ ಅಳತೆಗೋಲಾದರೂ ನಮ್ಮ ಹೊಲಕ್ಕೆ ಸರಿಹೊಂದಲಿ.