ಉರಿಯದ ಬಲ್ಬಿನ ಪಾಠ

ಚಿಕ್ಕಪ್ಪನ ಗ್ಯಾರೇಜಿನಲ್ಲಿ ಒಂದು ಹಳೆಯ ತರಬೇತಿ ಪುಸ್ತಕವಿದೆ. 1950ರ ದಶಕದ ಬ್ರಿಟಿಷ್ ಕಾರುಗಳ ವೈರಿಂಗ್ ರಿಪೇರಿ ಕಲಿಸಲು ಲ್ಯೂಕಾಸ್ ಕಂಪನಿ ಅಚ್ಚು ಹಾಕಿಸಿದ್ದು. ಕಂದು ವೈರು ಬ್ಯಾಟರಿಯದು, ಬಿಳಿ ಇಗ್ನಿಷನ್‌ದು, ಕಪ್ಪು ಅರ್ತ್. ಆ ಕಾಲದ ಬಹಳಷ್ಟು ಕಾರುಗಳಲ್ಲಿ ಬಾಡಿಗೆ ಜೋಡಿಸಿದ್ದು ಬ್ಯಾಟರಿಯ ಧನಾಗ್ರ. ನಾನು ಅಚ್ಚಿನ ತಪ್ಪೆಂದುಕೊಂಡಿದ್ದೆ!

ಹೆಡ್‌ಲೈಟ್ ಮಂಕಾದರೆ ಬಲ್ಬು ಬದಲಿಸುವ ಮೊದಲು, ಲೈಟು ಹಾಕಿಟ್ಟುಕೊಂಡೇ, ವೋಲ್ಟ್‌ಮೀಟರಿನ ಒಂದು ತುದಿಯನ್ನು ಬಲ್ಬಿನ ಅರ್ತ್‌ಗೆ, ಇನ್ನೊಂದನ್ನು ಬ್ಯಾಟರಿಯ ಅರ್ತ್ ಟರ್ಮಿನಲ್‌ಗೆ ಹಿಡಿಯಬೇಕು. ಮುಳ್ಳು ಸೊನ್ನೆಯ ಹತ್ತಿರವೇ ನಿಲ್ಲಬೇಕು. 2 ತೋರಿಸಿದರೆ, 12 ವೋಲ್ಟಿನಲ್ಲಿ ಅಷ್ಟನ್ನು ತುಕ್ಕು ತಿನ್ನುತ್ತಿದೆ. ಲೈಟು ಆರಿಸಿ ಅಳೆದರೆ ದೋಷ ಕಾಣುವುದೇ ಇಲ್ಲ: ಪ್ರವಾಹವಿಲ್ಲದೆ ರೋಧದ ತುದಿಗಳ ನಡುವೆ ವಿಭವಾಂತರ ಎಲ್ಲಿಂದ ಬರಬೇಕು? ಓಮ್‌ನ ನಿಯಮದಲ್ಲಿ ಪೂರ್ಣ ಅಂಕ ಪಡೆದಿದ್ದ ನನಗೆ ಅದು ಅರ್ಥವಾದದ್ದು ಅಲ್ಲಿ.

ನಮ್ಮ ಪಾಠಯೋಜನೆಗಳಲ್ಲಿ ಬಲ್ಬು ಯಾವಾಗಲೂ ಉರಿಯುತ್ತದೆ. ಹತ್ತನೇ ತರಗತಿಯ ನನ್ನ ಅಭ್ಯಾಸ ಪಾಠದಲ್ಲಿ ಒಂದು ಗುಂಪಿನದು ಉರಿಯಲಿಲ್ಲ. ಸಮಯ ಮೀರುತ್ತದೆಂದು ಬೇರೆ ಸೆಟ್ ಕೊಟ್ಟೆ. “ಇದ್ಯಾಕೆ ಸರ್ ಉರೀಲಿಲ್ಲ?” ಎಂದು ಹುಡುಗಿಯೊಬ್ಬಳು ಕೇಳಿದಳು. “ಆಮೇಲೆ ಹೇಳ್ತೀನಮ್ಮ” ಎಂದೆ, ಹೇಳಲಿಲ್ಲ. ಸಮಯಪಾಲನೆಗೆ ಒಳ್ಳೆಯ ಅಂಕ ಬಂತು.

40 ನಿಮಿಷದಲ್ಲಿ 10ನ್ನಾದರೂ ಕೆಟ್ಟ ಮಂಡಲಕ್ಕೆ ಮೀಸಲಿಡಬೇಕು, ಪಾಠಯೋಜನೆಯಲ್ಲೇ ಬರೆದು. ಮುಂದಿನ ಪಾಠಕ್ಕೆಂದು ಗ್ಯಾರೇಜಿನಿಂದ ತುಕ್ಕು ಹಿಡಿದ ಕ್ಲಿಪ್ಪುಗಳನ್ನು ತಂದಿಟ್ಟಿದ್ದೇನೆ.